ಎರಡು ದೇಶ, ಒಂದೇ ಕಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಸ್ಸಾಮಿನ ಮಾನಸ್, ಭೂತಾನಿನ ರಾಯಲ್ ಮಾನಸ್ ಎರಡೂ ಒಂದಕ್ಕೊಂದು ಅಂಟಿಕೊಂಡ ಕಾಡುಗಳು. ಆಚೆ ಈಚೆ ಓಡಾಡುವ ಹುಲಿಯನ್ನು ಎರಡೂ ದೇಶಗಳು ತಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲವೇ? — ಪದವಿ ವಿದ್ಯಾರ್ಥಿನಿ, ಸಾಗರ

ಉತ್ತರ: ಅವರವರಷ್ಟಕ್ಕೆ ಎಣಿಸಿದರೆ ಖಂಡಿತ ಹಿಡಿಯುತ್ತವೆ. ಜಂಟಿ ಎಣಿಕೆ ಬೇಕಾಗಿರುವುದೇ ಅದಕ್ಕೆ. ಕಾಡಿನಲ್ಲಿ ಕಟ್ಟಿದ, ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳ ಚಿತ್ರದಲ್ಲಿ ಪಟ್ಟೆ ನೋಡಿ ಹುಲಿಗಳನ್ನು ಎಣಿಸುತ್ತಾರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈ ಪಟ್ಟೆ ಬಲಮೈಗೆ ಹೊಂದುವುದಿಲ್ಲ. ಹಾಗಾಗಿ ಕಾಡುದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟಬೇಕು. ಒಂದೇ ಬದಿಗೆ ಕಟ್ಟಿದರೆ, ಇಲ್ಲಿ ಎಡಮೈ, ಅಲ್ಲಿ ಬಲಮೈ ಸಿಕ್ಕಿ ಒಂದು ಹುಲಿ ಎರಡಾಗಿಬಿಡುತ್ತದೆ.

ಭಾರತದಲ್ಲಿ 2 ಚದರ ಕಿ.ಮೀ.ಗೆ ಒಂದು ಜೋಡಿ ಕ್ಯಾಮೆರಾ ಎಂಬ ಲೆಕ್ಕವಿದೆ. ಎತ್ತರ ಮೊಣಕಾಲಿನಷ್ಟು, ಸುಮಾರು 45 ಸೆಂ.ಮೀ. ಎರಡನ್ನೂ ನೇರ ಎದುರುಬದುರು ಇಡಬಾರದು. ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಎದುರಿನ ಹುಲ್ಲು ಸವರದಿದ್ದರೆ ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡುವ ಗರಿಕೆಯೇ, ಬಿಸಿಮೈಯ ಚಲನೆ ಗುರುತಿಸುವ ಸೆನ್ಸರನ್ನು ಎಬ್ಬಿಸಿ, ಮೆಮೊರಿ ಕಾರ್ಡು ಖಾಲಿ ಚಿತ್ರಗಳಿಂದ ತುಂಬುತ್ತದೆ.

ಗಡಿಯಲ್ಲಿ ಇನ್ನೂ ಎರಡು ಎಚ್ಚರ ಬೇಕು. ಮೊದಲನೆಯದು, ಎರಡೂ ಕಡೆ ಒಂದೇ ಅವಧಿಯಲ್ಲಿ, ಒಂದೂವರೆ ಎರಡು ತಿಂಗಳೊಳಗೆ ಕೆಲಸ ಮುಗಿಯಬೇಕು. ಎಳೆದಷ್ಟೂ ಹುಟ್ಟು, ಸಾವು, ವಲಸೆ ನಡುವೆ ಸೇರಿ ಲೆಕ್ಕ ಕೆಡುತ್ತದೆ. ಎರಡನೆಯದು ಗಡಿಯಾರ. ಭೂತಾನಿನ ಸಮಯ ನಮಗಿಂತ 30 ನಿಮಿಷ ಮುಂದು, ನೇಪಾಳದ್ದು 15 ನಿಮಿಷ. ಎಲ್ಲ ಕ್ಯಾಮೆರಾಗಳನ್ನೂ ಮೊದಲೇ ಒಂದೇ ಸಮಯಕ್ಕೆ ಹೊಂದಿಸದಿದ್ದರೆ, ಹುಲಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದೇ ತಿರುವುಮುರುವಾಗಬಹುದು. ಕೊನೆಗೆ ಎರಡೂ ದೇಶದ ಚಿತ್ರಗಳನ್ನು ಒಂದೇ ಕಡೆ ಹಾಕಿ ಪಟ್ಟೆ ಹೋಲಿಸಿ, ಪ್ರತಿ ಹುಲಿಗೂ ಒಂದೇ ಗುರುತಿನ ಸಂಖ್ಯೆ ಕೊಡಬೇಕು. ಒಪ್ಪಂದದ ಪತ್ರಕ್ಕಿಂತ ಈ ಸಾಮಾನ್ಯ ಪಟ್ಟಿಯೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಅಂದಹಾಗೆ, ಕ್ಯಾಮೆರಾ ಚಿತ್ರಗಳಿಂದ ಹುಲಿಸಂಖ್ಯೆ ಅಂದಾಜು ಮಾಡುವ ಈ ವಿಧಾನವನ್ನು ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ರೂಢಿಗೆ ತಂದದ್ದು ನಮ್ಮ ನಾಗರಹೊಳೆಯಲ್ಲೇ.

ಪ್ರಶ್ನೆ: ಮಾನಸ್‌ನ ಎರಡೂ ಬದಿ ನೋಡುವ ಆಸೆ. ಸಫಾರಿ ಜೀಪಿನಲ್ಲೇ ಭೂತಾನಿಗೆ ದಾಟಬಹುದೇ? — ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಆಗುವುದಿಲ್ಲ, ಅದು ಎರಡು ಬೇರೆ ಪ್ರವಾಸ ಎಂದುಕೊಳ್ಳಿ. ಭಾರತದ ಬದಿಗೆ ಬರಪೇಟಾ ರೋಡ್ ನಿಲ್ದಾಣದಲ್ಲಿ ಇಳಿದು ಬಾನ್ಸ್‌ಬಾರಿ ಗೇಟಿಗೆ ಹೋಗಬೇಕು. ಮಳೆಗಾಲದಲ್ಲಿ ಉದ್ಯಾನ ಮುಚ್ಚಿರುತ್ತದೆ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಭೂತಾನಿನ ಬದಿಗೆ ದಾದಗಿರಿ ದಾಟಿ ಗೆಲೆಫುವಿನ ವಲಸೆ ಕಚೇರಿಯಲ್ಲಿ ಪರವಾನಗಿ ಪಡೆಯಬೇಕು. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಭಾರತೀಯರಿಗೆ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವಿದೆ. ಮೊಮ್ಮಕ್ಕಳು ಜೊತೆಗಿದ್ದರೆ ಅವರ ಜನನ ಪ್ರಮಾಣಪತ್ರದ ಮೂಲಪ್ರತಿ ಮರೆಯಬೇಡಿ.

ಗೇಟಿನ ಒಳಗೆ ನಿಜಕ್ಕೂ ಗಡಿಯೇ ಇಲ್ಲದಂತೆ ಓಡಾಡಬೇಕೆಂದರೆ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ 2000ದಲ್ಲಿ ಒಟ್ಟಾಗಿ ತೆರೆದ ಕಗಲಗಾಡಿ ಉದ್ಯಾನವಿದೆ. ಹೋದ ಗೇಟಿನಿಂದಲೇ ವಾಪಸು ಬರುವುದಾದರೆ ಗಡಿ ತಪಾಸಣೆಯಿಲ್ಲ. ಇನ್ನೊಂದು ದೇಶದ ಗೇಟಿನಿಂದ ಹೊರಬೀಳುವುದಾದರೆ ವಲಸೆ ಮುದ್ರೆ ಹಾಕಿಸಿಕೊಂಡು ಒಳಗೆ ಕನಿಷ್ಠ ಎರಡು ರಾತ್ರಿ ತಂಗಲೇಬೇಕು.

ಪ್ರಶ್ನೆ: ಆಫ್ರಿಕಾದ ಐದು ದೇಶಗಳು ಕಾಜಾ ಎಂಬ ದೊಡ್ಡ ಸಂರಕ್ಷಣಾ ಪ್ರದೇಶ ಮಾಡಿಕೊಂಡಿವೆಯಂತೆ. ಅಲ್ಲಿ ಇನ್ನೂ ಬೇಲಿಗಳಿರುವುದೇಕೆ? — ಹೈನುಗಾರರು, ಹೊಸನಗರ

ಉತ್ತರ: ನಿಮಗೆ ಬೇಗ ಅರ್ಥವಾಗುವ ಕಾರಣವೇ: ಕಾಲುಬಾಯಿ ಜ್ವರ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ 2011ರಲ್ಲಿ ಸಹಿ ಹಾಕಿದ ಈ ಪ್ರದೇಶ ಸುಮಾರು 5,20,000 ಚದರ ಕಿ.ಮೀ., ಕರ್ನಾಟಕದ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿನ ಕಾಡು ಬಫಲೊಗಳು ತಮಗೆ ರೋಗವಿಲ್ಲದಿದ್ದರೂ ವೈರಾಣುವನ್ನು ವರ್ಷಗಟ್ಟಲೆ ಹೊತ್ತಿರುತ್ತವೆ. ಯುರೋಪಿಗೆ ದನದ ಮಾಂಸ ಕಳಿಸಲು ರೋಗಮುಕ್ತ ವಲಯ ತೋರಿಸಬೇಕಿತ್ತು, ಅದಕ್ಕೆ ಬೇಲಿ ಬಂತು. ಆನೆ ಬೇಲಿ ಮುರಿಯುತ್ತದೆ, ಜೀಬ್ರಾ ಅಲ್ಲೇ ನಿಲ್ಲುತ್ತದೆ. ಈಗ ಬೇಲಿಯ ಬದಲು ಮಾಂಸವನ್ನೇ ಸುರಕ್ಷಿತ ಮಾಡುವ ದಾರಿ ಹುಡುಕುತ್ತಿದ್ದಾರೆ: ಮೂಳೆ, ದುಗ್ಧರಸ ಗ್ರಂಥಿ (ಲಿಂಫ್ ಗಂಟು) ತೆಗೆದು, 2 ಡಿಗ್ರಿಗಿಂತ ಮೇಲಿನ ತಂಪಿನಲ್ಲಿ ಕನಿಷ್ಠ 24 ಗಂಟೆ ಇಟ್ಟು, ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿಳಿದಿದೆಯೇ ನೋಡುವುದು. ಹುಳಿಯೇರಿದ ಮಾಂಸದಲ್ಲಿ ವೈರಾಣು ಉಳಿಯುವುದಿಲ್ಲ. ಜೊತೆಗೆ ಲಸಿಕೆ, ಹಗಲು ದನಗಾಹಿ ಕಾವಲು, ರಾತ್ರಿ ದೊಡ್ಡಿ. ದನ ಸಾಕುವವರನ್ನು ಬಿಟ್ಟು ಮಾಡಿದ ಯಾವ ಆನೆದಾರಿಯೂ ಬಹಳ ದಿನ ತೆರೆದಿರುವುದಿಲ್ಲ.

ಪ್ರಶ್ನೆ: ಇಂಥ ಪ್ರವಾಸೋದ್ಯಮದ ಹಣ ಊರಿನವರ ಕೈಗೆ ಬರುತ್ತದೆಯೇ? — ಸಫಾರಿ ಜೀಪ್ ಚಾಲಕರು, ಲಕ್ಕವಳ್ಳಿ

ಉತ್ತರ: ಮೊದಲೇ ಪಾಲು ಬರೆದಿಟ್ಟಲ್ಲಿ ಬರುತ್ತದೆ. ರುವಾಂಡಾ, ಉಗಾಂಡಾ, ಕಾಂಗೊ ಮೂರೂ ಹಂಚಿಕೊಂಡಿರುವ ವಿರುಂಗ ಬೆಟ್ಟಗಳಲ್ಲಿ ಗೊರಿಲ್ಲಾಗಳಿವೆ. ರುವಾಂಡಾದಲ್ಲಿ ಅವನ್ನು ನೋಡಲು ವಿದೇಶಿಯರಿಗೆ 1,500 ಡಾಲರ್. ಒಂದು ಗುಂಪಿಗೆ ದಿನಕ್ಕೆ ಎಂಟೇ ಪ್ರವಾಸಿಗರು, ಒಂದೇ ಗಂಟೆ, ಏಕೆಂದರೆ ನಮ್ಮ ನೆಗಡಿ ಅವಕ್ಕೆ ಪ್ರಾಣಾಂತಿಕ. ಉದ್ಯಾನಗಳ ಆದಾಯದ ಶೇ. 10 ಸುತ್ತಲಿನ ಊರುಗಳಿಗೆ ಮೀಸಲು. 2017ರವರೆಗೆ ಅದು ಶೇ. 5 ಇತ್ತು.

ನಮ್ಮಲ್ಲೂ ದಾರಿಯಿದೆ. ವನ್ಯಜೀವಿ ಕಾಯಿದೆಯ 38ಎಕ್ಸ್ ಕಲಮಿನಂತೆ ಪ್ರತಿ ಹುಲಿ ಮೀಸಲಿಗೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು, ಸ್ಥಳೀಯರ ಅಭಿವೃದ್ಧಿಯೂ ಅದರ ಕೆಲಸ. ಭದ್ರಾ ಪ್ರತಿಷ್ಠಾನಕ್ಕೆ ಕಳೆದ ವರ್ಷ ಪ್ರವೇಶ ಶುಲ್ಕದಿಂದ ಎಷ್ಟು ಬಂತು, ಯಾವ ಊರಿಗೆ ಯಾವ ಕೆಲಸಕ್ಕೆ ಎಷ್ಟು ಹೋಯಿತು ಎಂದು ಬೇರೆ ಬೇರೆ ಪ್ರಶ್ನೆಗಳಾಗಿ ಬರೆದು, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. "ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ಅರ್ಜಿ ಅಸ್ಪಷ್ಟ ಎಂದು ವಾಪಸು ಬರುವ ಸಾಧ್ಯತೆಯೇ ಹೆಚ್ಚು.