ಶುಕ್ರವಾರ ತಪ್ಪಿತು, ಸಾಲ ಯಾರದ್ದು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದ ಶಾಲಾ ಶಿಕ್ಷಕಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದಾಗ ಮನೆ ಬಿಟ್ಟು ಬಂದ ಹಿರಿಯರನ್ನು ಮಾತಾಡಿಸಿ ಪಾಡ್‌ಕಾಸ್ಟ್ (ಮೊಬೈಲಿನಲ್ಲಿ ಬೇಕಾದಾಗ ಕೇಳುವ ಧ್ವನಿ ಸರಣಿ) ಮಾಡುತ್ತಿದ್ದೆ. ‘ಪ್ರತಿ ಶುಕ್ರವಾರ ಬೆಳಿಗ್ಗೆ 6ಕ್ಕೆ’ ಎಂದು ಮೊದಲ ಕಂತಿನಲ್ಲೇ ಹೇಳಿಬಿಟ್ಟೆ. 14 ಕಂತು ತಪ್ಪದೆ ಬಂದವು. ಆಮೇಲೆ ಪರೀಕ್ಷೆ ಪೇಪರು, ಮಗನ ಜ್ವರ, ಅತ್ತೆಯ ಕಣ್ಣಿನ ಆಪರೇಷನ್. 9 ಶುಕ್ರವಾರ ಹಾಗೇ ಹೋದವು. ಮೊನ್ನೆ ಸಂತೆಯಲ್ಲಿ ಒಬ್ಬರು ‘ಯಾಕ್ರೀ ಟೀಚರ್, ನಿಮ್ದು ಬರೋದ ನಿಂತೈತಲ್ಲ?’ ಅಂದರು. ಕೈಯಲ್ಲಿದ್ದ ಮೆಂತ್ಯೆ ಪಲ್ಲೆ ಅಲ್ಲೇ ಇಟ್ಟು ಮನೆಗೆ ಬಂದೆ. ಕ್ಷಮೆ ಕೇಳುವ ಕಂತನ್ನು ನಾಲ್ಕು ಸಲ ರೆಕಾರ್ಡ್ ಮಾಡಿ ಅಳಿಸಿದ್ದೇನೆ. ಈ ಅಪರಾಧಿ ಭಾವದಿಂದ ಹೊರಬರುವುದು ಹೇಗೆ?

ಉತ್ತರ: ಮುಂದಿನ ಸಂತೆಗೆ ಹೋಗಿ ಮೊದಲು ಆ ಮೆಂತ್ಯೆ ಪಲ್ಲೆ ತನ್ನಿ. ನಿಮ್ಮನ್ನು ಕೇಳಿದವರು ಬೈಯಲಿಲ್ಲ. ಹೋಟೆಲ್ ಮುಚ್ಚಿದ್ದರೆ ‘ಯಾಕ್ರೀ, ಇವತ್ತ ಚಾ ಇಲ್ಲೇನು?’ ಅಂತ ಕೇಳುತ್ತೇವಲ್ಲ, ಅಷ್ಟೇ. ಚಾ ಚಲೋ ಇಲ್ಲದಿದ್ದರೆ ಯಾರೂ ಕೇಳುವುದೂ ಇಲ್ಲ.

ನಿಮ್ಮ ‘ಬೆಳಿಗ್ಗೆ 6ಕ್ಕೆ’ ಎಂಬ ಮಾತು ಎಲ್ಲಿಂದ ಬಂತು ಗೊತ್ತೇ? ರೇಡಿಯೊದಿಂದ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರೇಡಿಯೊ ಹಚ್ಚಿ, ಅದರ ಪ್ರಕಾರ ಗಡಿಯಾರದ ಮುಳ್ಳು ತಿರುವುತ್ತಿದ್ದರು. ಅಲ್ಲಿ ಹೊತ್ತು ತಪ್ಪಿದರೆ ಊರಿಗೆಲ್ಲ ಒಮ್ಮೆಲೇ ಗೊತ್ತಾಗುತ್ತದೆ. ನಾನು ವರ್ಷಗಟ್ಟಲೆ ಅಂಥ ಸ್ಟುಡಿಯೊದಲ್ಲಿ ಕೂತವನು. ಒಂದು ಸಲ ಟೇಪು ಕೈಗೆ ಸಿಗದೆ ಸುಮಾರು 40 ಸೆಕೆಂಡು ಬರೀ ಮೌನ ಹೋಯಿತು. ಇವತ್ತಿಗೂ ನೆನೆದರೆ ಅಂಗೈ ಬೆವರುತ್ತದೆ.

ಆ ಭಯವನ್ನು ನೀವು ಸುಮ್ನೆ ಮನೆಗೆ ತಂದುಕೊಂಡಿದ್ದೀರಿ. ಪಾಡ್‌ಕಾಸ್ಟಿಗೆ ಖಾಲಿ ಬೀಳುವ ಸಮಯ ಎಂಬುದೇ ಇಲ್ಲ. ನೀವು ಕಂತು ಹಾಕಿದರೆ ಫೀಡ್ ಮೂಲಕ, ಅಂದರೆ ಆ್ಯಪ್‌ಗಳು ನೋಡುತ್ತಿರುವ ಕಂತುಗಳ ಪಟ್ಟಿಯ ಮೂಲಕ, ಅದು ಕೇಳುಗರ ಮೊಬೈಲಿಗೆ ತಾನಾಗಿ ಹೋಗುತ್ತದೆ. ಹಾಕದಿದ್ದರೆ ಅಲ್ಲಿ ಬೇರೆಯವರದ್ದು ಇರುತ್ತದೆ. ಶುಕ್ರವಾರ ಆರಕ್ಕೆ ಎದ್ದು ನಿಮಗಾಗಿ ಕಾದವರು ಬಹುಶಃ ನೀವೊಬ್ಬರೇ.

ಕ್ಷಮೆ ಕೇಳುವ ಕಂತನ್ನು ಅಳಿಸಿದ್ದು ಒಳ್ಳೆಯದಾಯಿತು. ಐದನೆಯ ಸಲ ಮಾಡಬೇಡಿ. ಕಂತು ಒಮ್ಮೆ ಹಾಕಿದರೆ ಉಳಿದುಬಿಡುತ್ತದೆ. ಎರಡು ವರ್ಷದ ನಂತರ ಮುಧೋಳದಲ್ಲೋ ಪುಣೆಯಲ್ಲೋ ಕೂತು ಮೊದಲ ಸಲ ಕೇಳುವವರಿಗೆ ಒಂದರ ಹಿಂದೆ ಒಂದು ಕಂತು ಬರುತ್ತದೆ. ನಡುವೆ 9 ವಾರ ಇತ್ತೆಂದು ಅವರ ಗಮನಕ್ಕೂ ಬರಲಿಕ್ಕಿಲ್ಲ. ಅವರೇಕೆ ನಿಮ್ಮ ಮಗನ ಜ್ವರದ ಕತೆ ಕೇಳಬೇಕು?

ಇನ್ನು ದುಡಿಮೆಯ ಲೆಕ್ಕ. ಹಿರಿಯರ ಮನೆಗೆ ಹೋಗುವುದು, ಚಾ ಕುಡಿಯುವುದು, ಒಂದು ತಾಸು ರೆಕಾರ್ಡಿಂಗು, ಆಮೇಲೆ ಕುಕ್ಕರ್ ಸೀಟಿ, ಮೊಮ್ಮಕ್ಕಳ ಗಲಾಟೆ ತೆಗೆಯುವುದು. 20 ನಿಮಿಷದ ಕಂತಿಗೆ ನನ್ನ ಅನುಭವದಲ್ಲಿ ಆರೇಳು ತಾಸು ಬೇಕು. ಶಾಲೆಯ ನೌಕರಿ, ಮನೆಗೆಲಸ ಮುಗಿಸಿ ಇದನ್ನು 14 ವಾರ ಮಾಡಿದ್ದೀರಿ. ಕೈ ಸೋತದ್ದು ಸಹಜ, ಅಲ್ವಾ?

ಮೇಲಾಗಿ ನಿಮ್ಮದು ಸುದ್ದಿಯಲ್ಲ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು ನಿಮ್ಮೂರಿಗೆ ಬರಲು ಮೂರು ದಶಕಕ್ಕೂ ಜಾಸ್ತಿ ಹಿಡಿಯಿತು. ಅಷ್ಟು ನಿಧಾನದ ಕತೆಗೆ 9 ವಾರ ಯಾವ ಲೆಕ್ಕ?

ಆದರೆ ಹೇಳುವವರಿಗೆ ಲೆಕ್ಕ ಇದೆ. ಊರು ಬಿಡುವಾಗ ಐವತ್ತು ದಾಟಿದ್ದವರು ಈಗ ಎಪ್ಪತ್ತರ ಮೇಲಾಗಿದ್ದಾರೆ. ರೆಕಾರ್ಡ್ ಮಾಡಿಕೊಂಡು ಬಂದು ಇನ್ನೂ ಹಾಕದೆ ಇಟ್ಟ ದನಿಗಳು ನಿಮ್ಮ ಮೊಬೈಲಿನಲ್ಲಿ ಇದ್ದೇ ಇರುತ್ತವೆ. ಹಾಗೆ ದನಿ ಕೊಟ್ಟ ಒಬ್ಬ ಅಜ್ಜ ಮಗನನ್ನು ‘ಟೀಚರದ್ದು ಬಂತೇನೋ?’ ಅಂತ ಕೇಳುತ್ತಿರಬಹುದು. ನಿಮಗೆ ಸಾಲ ಅಂತ ಏನಾದರೂ ಇದ್ದರೆ ಅದು ಅವರ ಹತ್ತಿರ. ತೀರಿಸುವುದು ಕಷ್ಟವೇನಲ್ಲ. ಫೋನ್ ಮಾಡಿ, ‘ತಡ ಆಗ್ತದ್ರಿ, ಆದ್ರ ಹಾಕ್ತೀನಿ’ ಅನ್ನಿ. ಕಚ್ಚಾ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು ಇಡಿ. ಇದನ್ನು ಇವತ್ತೇ ಮಾಡಿ. ಕಂತು ಯಾವಾಗ ಹಾಕಿದರೂ ನಡೆಯುತ್ತದೆ, ಮೊಬೈಲು ನೀರಿಗೆ ಬಿದ್ದರೆ ಆ ದನಿ ಮತ್ತೆ ಸಿಗುವುದಿಲ್ಲ.

ಪಾಡ್‌ಕಾಸ್ಟಿನ ವಿವರಣೆಯಲ್ಲೂ ‘ಪ್ರತಿ ಶುಕ್ರವಾರ’ ಎಂದಿದ್ದರೆ ತೆಗೆದುಹಾಕಿ. ಬಂದಿರುವ 14 ಕಂತನ್ನು ಮೊದಲ ಸೀಸನ್, ಅಂದರೆ ಮುಗಿದ ಒಂದು ಭಾಗ, ಎಂದು ಕರೆಯಿರಿ. ಇದು ಕಳ್ಳದಾರಿಯಲ್ಲ. ಆ್ಯಪಲ್ ಕಂಪನಿಯೇ 2017ರಲ್ಲಿ ಪಾಡ್‌ಕಾಸ್ಟುಗಳಿಗೆ ಸೀಸನ್ ಲೆಕ್ಕ ತಂದಿತು. ಎರಡನೆಯದನ್ನು ಬೇಸಿಗೆ ರಜೆಯಲ್ಲಿ ಮಾಡಿ. ಆರು ಕಂತು ಪೂರ್ತಿ ತಯಾರಾದ ಮೇಲಷ್ಟೇ ಮೊದಲನೆಯದನ್ನು ಹಾಕಿ. ದಿನ, ವೇಳೆ ಹೇಳಬೇಡಿ.

ಮತ್ತೆ ಶುರುಮಾಡುವಾಗ ‘ನಮಸ್ಕಾರ, ಬಹಳ ದಿನ ಆಯ್ತು’ ಬೇಡ. ನೇರವಾಗಿ ಅಜ್ಜನ ದನಿಯೇ ಬರಲಿ, ಮನೆಯ ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ ದಿನದ ಮಾತಿನಿಂದ. ಹಿಂದೆ ಫ್ಯಾನಿನ ಸದ್ದಿದ್ದರೆ ಇರಲಿ ಬಿಡಿ.