ತೋಟದ ಮನೆಯಲ್ಲಿ ವೈಫೈ ಸಿಗ್ನಲ್ ಫುಲ್ ಇದ್ದರೂ ಮೀಟಿಂಗ್‌ನಲ್ಲಿ ಮಾತು ತುಂಡಾಗುತ್ತೆ. ರೂಟರ್ ಬದಲಾಯಿಸಬೇಕಾ?

ಈಗಲೇ ಬೇಡ. ನಾನು ಶಿವಮೊಗ್ಗದಿಂದ ಹೊಸನಗರ, ತೀರ್ಥಹಳ್ಳಿ ಕಡೆ ನೆಟ್‌ವರ್ಕ್, ಕ್ಯಾಮೆರಾ ಕೆಲಸಕ್ಕೆ ಓಡಾಡುವವನು. ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಸ್ಪೀಡ್ ಟೆಸ್ಟ್ ಅಲ್ಲ. ಸುತ್ತ ಬೇರೆ ಮನೆಯೇ ಇಲ್ಲ, ರೂಟರ್ ಜಗುಲಿಯಲ್ಲಿದೆ, ಹಿಂದಿನ ಕೋಣೆಗೆ ಒಂದು ರಿಪೀಟರ್ (ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಡಬ್ಬಿ) ಇಟ್ಟಿದ್ದೀರಿ, ಮಳೆ ಹಿಡಿದರೆ ತೊಂದರೆ ಜಾಸ್ತಿ, ಇಷ್ಟು.

ಮೊದಲು ಪ್ಯಾಕೆಟ್, ಅಂದರೆ ನೆಟ್‌ನಲ್ಲಿ ಹೋಗೋ ಡೇಟಾದ ತುಣುಕು, ಎಲ್ಲಿ ಕಳೆದುಹೋಗ್ತಿದೆ ಅಂತ ನೋಡಿ. ಹಿಂದಿನ ಕೋಣೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆಯಿರಿ. ping ಅಂತ ಬರೆದು ಮುಂದೆ ವಿಳಾಸ ಕೊಟ್ಟರೆ ಅದು ಅಲ್ಲಿಗೆ ಪ್ಯಾಕೆಟ್ ಕಳಿಸಿ ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ತೋರಿಸುತ್ತೆ. ಒಂದರಲ್ಲಿ ರೂಟರಿಗೆ ಪಿಂಗ್ (ವಿಳಾಸ ಸಾಮಾನ್ಯವಾಗಿ 192.168.1.1, ರೂಟರಿನ ಅಡಿಯ ಸ್ಟಿಕ್ಕರ್ ನೋಡಿ), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರೋ ಗೂಗಲ್‌ನ 8.8.8.8ಕ್ಕೆ. ನಾಲ್ಕು ಸಲ ಉತ್ತರ ಬಂದಿದ್ದಕ್ಕೇ ನಿಲ್ಲಿಸಬೇಡಿ, ಮೀಟಿಂಗ್ ನಡೆಯುವಷ್ಟು ಹೊತ್ತೂ ಓಡಲಿ.

ರೂಟರಿನ ಪಿಂಗ್ ಸರಿಯಾಗಿದ್ದು ಎರಡನೆಯದು ಮಾತ್ರ ತಪ್ಪುತ್ತಿದ್ದರೆ ವೈಫೈ ಮೇಲೆ ಅನುಮಾನ ಬೇಡ. ಫೈಬರ್ ಬಾಕ್ಸಿನ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಪವರ್ ಸಿಗುತ್ತೆ. ಅದು ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಮ್ಮಿ) ಹತ್ತಿರ ಅಥವಾ ಅದಕ್ಕಿಂತ ಕೆಳಗಿದ್ದರೆ ಫೋಟೋ ತೆಗೆದು ಲೈನಿನವರಿಗೆ ಕಳಿಸಿ. ನಮ್ಮ ಕಡೆ ಫೈಬರ್ ಕರೆಂಟ್ ಕಂಬದ ಮೇಲೆ, ಮರಗಳ ನಡುವೆ ಬರೋದು. ಗಾಳಿಮಳೆಗೆ ಕೊಂಬೆ ಒರಗಿ ಕೇಬಲ್ ಬಗ್ಗಿದರೂ ಸಾಕು, ಪವರ್ ಇಳಿಯುತ್ತೆ.

ರೂಟರಿನ ಪಿಂಗೇ ಸರಿ ಇಲ್ಲದಿದ್ದರೆ? ಎಷ್ಟು ತಪ್ಪಿತು ಅನ್ನೋದಕ್ಕಿಂತ ಪ್ರತಿ ಸಾಲಿನ ಸಮಯ ನೋಡಿ. ವೈಫೈಯಲ್ಲಿ ಕಳಿಸಿದ್ದು ತಲುಪಿತು ಅಂತ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳಿಸಲಾಗುತ್ತೆ. ಹಾಗಾಗಿ ಅಡಚಣೆ ಮೊದಲು ಕಾಣೋದು ನಷ್ಟವಾಗಿ ಅಲ್ಲ, ತಡವಾಗಿ: 3 ಮಿಲಿಸೆಕೆಂಡ್, 4, ಇದ್ದಕ್ಕಿದ್ದಂತೆ 180, ಮತ್ತೆ 5. ಮಾತಿಗೆ ಈ ಏರಿಳಿತವೇ ಶತ್ರು. ಸ್ಪೀಡ್ ಟೆಸ್ಟ್ ಸರಾಸರಿ ತೆಗೆಯುತ್ತೆ, ಇದು ಅದರಲ್ಲಿ ಮುಚ್ಚಿಹೋಗುತ್ತೆ.

ಗಾಂಧಿ ಬಜಾರಿನ ಅಂಗಡಿಯಾಗಿದ್ದರೆ ಪಕ್ಕದವರ ವೈಫೈ ಅನ್ನಬಹುದಿತ್ತು. ನಿಮ್ಮಲ್ಲಿ ಅಡ್ಡಬರುತ್ತಿರೋದು ನಿಮ್ಮದೇ ರಿಪೀಟರ್ ಅಂತ ನನ್ನ ಲೆಕ್ಕ. ಒಂದೇ ಬ್ಯಾಂಡಿನ (2.4 ಗಿಗಾಹರ್ಟ್ಸ್ ಮಾತ್ರ ಇರೋ ಥರದ) ರಿಪೀಟರ್ ಕೇಳಿಸಿಕೊಂಡಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು, ಅಂದರೆ ಪ್ರತಿ ಪ್ಯಾಕೆಟ್ಟೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಅದರ ಮೇಲೆ ನಡುವೆ ದಪ್ಪ ಜಂಬಿಟ್ಟಿಗೆ ಗೋಡೆ. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತೆ, ನೀರು ಈ ಅಲೆಗಳನ್ನು ನುಂಗುತ್ತೆ. ನಿಮ್ಮ ಫೋನಿನಲ್ಲಿ ಕಾಣೋ ಫುಲ್ ಸಿಗ್ನಲ್ ರಿಪೀಟರಿನದು. ರಿಪೀಟರಿಗೆ ರೂಟರ್ ಎಷ್ಟು ಕೇಳಿಸ್ತಿದೆ ಅಂತ ಅದು ಹೇಳೋದಿಲ್ಲ.

ಪರಿಹಾರ ಅಟ್ಟದ ಮೇಲಿಂದ ಒಂದು ಕ್ಯಾಟ್ 6 ಕೇಬಲ್. 100 ಮೀಟರ್ ಒಳಗಿದ್ದರೆ ಆಯ್ತು. ರಿಪೀಟರಿಗೆ ಕೇಬಲ್ ಸಿಕ್ಕಿಸುವ ಜಾಗ ಇದ್ದರೆ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲಿನಿಂದ ನೆಟ್ ತಗೊಂಡು ವೈಫೈ ಹಂಚೋ ಸೆಟ್ಟಿಂಗ್) ಹಾಕಿ, ರೂಟರಿಗೆ ಚಾನೆಲ್ 1, ಇದಕ್ಕೆ 11 ಕೊಡಿ. 2.4 ಗಿಗಾಹರ್ಟ್ಸ್‌ನಲ್ಲಿ ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ಹೆಚ್ಚುಕಡಿಮೆ ಇಡೀ ಬ್ಯಾಂಡ್ ಅದೊಂದೇ ತುಂಬಿಕೊಳ್ಳುತ್ತೆ. ರಿಪೀಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಆ ಕೋಣೆಯ ಮಟ್ಟಿಗೆ ಅದನ್ನೇ ಬಳಸಿ, ಮೈಕ್ರೋವೇವ್, ಬ್ಲೂಟೂತ್ ಯಾವುದರ ಗಲಾಟೆಯೂ ಇರಲ್ಲ. ಸೋಲಾರ್ ಬೇಲಿ ಕಾರಣ ಇರಬಹುದಾ ಅಂತಲೂ ಕೇಳಿದ್ದೀರಿ. ಹಳೇ ಲ್ಯಾಂಡ್‌ಲೈನಿನಲ್ಲಿ ಅದು ಟಕ್ ಟಕ್ ಅನ್ನಿಸೋದು ನಿಜ, ವೈಫೈ ಇರೋ ತರಂಗಾಂತರಕ್ಕೆ ಅದರ ಕಾಟ ಇಲ್ಲ.

ಕೊನೆಗೆ, ತೋಟದಾಚೆ ಅರ್ಧ ಕಿಲೋಮೀಟರ್ ದೂರದ ಅಣ್ಣನ ಮನೆಗೆ ಡಿಶ್ ಲಿಂಕ್ (ಎದುರುಬದುರು ಎರಡು ಡಿಶ್ ಇಟ್ಟು ವೈರಿಲ್ಲದೆ ನೆಟ್ ದಾಟಿಸೋದು) ಹಾಕೋ ವಿಚಾರ. 5.8 ಗಿಗಾಹರ್ಟ್ಸ್‌ನಲ್ಲಿ ಆಗುತ್ತೆ, ಆದರೆ ಎದುರಿನ ಡಿಶ್ ಕಣ್ಣಿಗೆ ಕಂಡ ಮಾತ್ರಕ್ಕೆ ಸಾಲದು. ನಡುಮಧ್ಯದಲ್ಲಿ ಆ ನೇರ ಗೆರೆಯ ಸುತ್ತ ಸುಮಾರು ಎರಡೂವರೆ ಮೀಟರ್ ಖಾಲಿ ಇರಬೇಕು. ಒದ್ದೆ ಸೋಗೆ ಅದರೊಳಗೆ ತೂಗಾಡಿದರೆ ಆಗ ನಿಜವಾಗಿಯೂ ಮಳೆಗೆ ಲಿಂಕ್ ಬೀಳುತ್ತೆ. ಎಳೆ ಅಡಿಕೆ ಮರ ಇದ್ದರೆ ಈಗಿನ ಎತ್ತರ ನೋಡಿ ಕಂಬ ಹಾಕಬೇಡಿ, ಇನ್ನು ಐದಾರು ವರ್ಷಕ್ಕೆ ಅದು ಎಲ್ಲಿಗೆ ಬರುತ್ತೆ ಅಂತ ಅಣ್ಣನನ್ನೇ ಕೇಳಿ.