ಎಫ್‌ಎಸ್‌ಟಿ ಸಣ್ಣದು ಬಂದರೆ ಡಬ್ಬಿ, ಕಡ್ಡಿ ಎರಡೂ ಒಂದೇನಾ?

ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯ ಗಿಡಗಳ ಡಿಎನ್‌ಎ ಹೋಲಿಸಿ, ಎಫ್‌ಎಸ್‌ಟಿ (ಎರಡು ಗುಂಪುಗಳ ಜೀನ್‌ಗಳು ಎಷ್ಟು ಬೇರೆ ಅನ್ನೋದರ ಅಳತೆ) ಸಣ್ಣದು ಬಂದರೆ ಎರಡೂ ಒಂದೇ ತಳಿ ಅನ್ನಬಹುದಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳೋಕೆ ಬರೋದಿಲ್ಲ. ನಾನು ಧಾರವಾಡದಲ್ಲಿ ತಳಿಶಾಸ್ತ್ರ ಓದಿದವನು. ಈ ಗೊಂದಲ ಇಲ್ಲಿ ಬಹಳ ಜನರಿಗಿದೆ.

ಮೊದಲು ಗುಂಪಿನ ಒಳಗಿನ ವೈವಿಧ್ಯ ನೋಡಬೇಕು. ಗುಂಪಿನಿಂದ ಒಂದು ಜೀನ್‌ನ ಎರಡು ಪ್ರತಿಗಳನ್ನು ಸುಮ್ನೆ ಎತ್ತಿಕೊಂಡರೆ, ಅವು ಬೇರೆ ಬೇರೆ ರೂಪದವಾಗಿರುವ ಸಾಧ್ಯತೆ ಎಷ್ಟು? ಪ್ರತಿ ರೂಪದ ಪಾಲನ್ನು ವರ್ಗ ಮಾಡಿ, ಕೂಡಿಸಿ, 1ರಿಂದ ಕಳೆಯಿರಿ. ಲೆಕ್ಕಕ್ಕೆ, ಡಬ್ಬಿಯಲ್ಲಿ ಪಾಲು 0.8 ಮತ್ತು 0.2 ಅಂದುಕೊಳ್ಳಿ. ಉತ್ತರ 0.32. ಕಡ್ಡಿಯಲ್ಲಿ 0.4 ಮತ್ತು 0.6 ಇದ್ದರೆ 0.48. ಸರಾಸರಿ 0.40. ಎರಡೂ ಗುಂಪನ್ನು ಸಮನಾಗಿ ಬೆರೆಸಿದರೆ ಒಟ್ಟು ವೈವಿಧ್ಯ 0.48. ಒಟ್ಟರಲ್ಲಿ ಸರಾಸರಿ ಕಳೆದರೆ 0.08 ಉಳಿಯುತ್ತದೆ. ಅದನ್ನು 0.48ರಿಂದ ಭಾಗಿಸಿದರೆ ಸುಮಾರು 0.17. ಇದೇ ಎಫ್‌ಎಸ್‌ಟಿ. ಮೂಲ ಕಲ್ಪನೆ ತಳಿವಿಜ್ಞಾನಿ ಸ್ಯೂಯಲ್ ರೈಟ್ ಅವರದು.

ತೊಡಕು ಇರೋದು ಭಾಗಾಕಾರದಲ್ಲೇ. ಒಟ್ಟು ವೈವಿಧ್ಯ ಎಂದೂ 1 ದಾಟುವುದಿಲ್ಲ. ಹಾಗಾಗಿ ಒಳಗಿನ ಸರಾಸರಿ 0.9 ಇದ್ದರೆ ಎಫ್‌ಎಸ್‌ಟಿ 0.1 ಮೀರೋಕೆ ಆಗೋದೇ ಇಲ್ಲ. ಎರಡೂ ಗುಂಪಿಗೆ ಸಮಾನವಾದ ಒಂದೇ ಒಂದು ರೂಪವೂ ಇಲ್ಲದಿದ್ದರೂ ಅಷ್ಟೇ! ಎಸ್‌ಎಸ್‌ಆರ್ ಮಾರ್ಕರ್‌ಗಳಲ್ಲಿ (ಡಿಎನ್‌ಎಯ ಚಿಕ್ಕ ತುಣುಕು ಮತ್ತೆ ಮತ್ತೆ ಬರುವ ಜಾಗಗಳು) ಒಂದೇ ಜಾಗಕ್ಕೆ ಹತ್ತಾರು ರೂಪ ಇರಬಹುದು. ಅಲ್ಲಿ ಈ ತೊಂದರೆ ಜಾಸ್ತಿ. ಉಲ್ಟಾನೂ ಆಗುತ್ತದೆ. ಒಳಗಿನ ವೈವಿಧ್ಯ ತೀರಾ ಕಡಿಮೆಯಾದ ಗುಂಪುಗಳಲ್ಲಿ, ಬೇರೆಯಾಗಿ ಹೆಚ್ಚು ಕಾಲವಾಗದಿದ್ದರೂ ಎಫ್‌ಎಸ್‌ಟಿ ದೊಡ್ಡದಾಗಿ ಕಾಣುತ್ತದೆ.

ಮೆಣಸಿನಲ್ಲಿ ಇದು ಮುಖ್ಯ ಯಾಕಂದರೆ, ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಜೇನ್ನೊಣ ಬಂದರೆ ಪಕ್ಕದ ಹೊಲದ್ದೂ ಬೆರೆಯುತ್ತದೆ. ರೈತರು ಮನೆಯಲ್ಲೇ ಬೀಜ ಇಟ್ಟುಕೊಂಡಿದ್ದರೆ ಒಂದು ಹೊಲದ ಗಿಡಗಳು ಹತ್ತಿರದ ಸಂಬಂಧಿಗಳೇ ಆಗಿರುತ್ತವೆ, ಒಳಗಿನ ವೈವಿಧ್ಯವೂ ಕಡಿಮೆ ಇರುತ್ತದೆ. ಒಂದೇ ಹೊಲದ ಐವತ್ತು ಗಿಡಕ್ಕಿಂತ ಹತ್ತು ಊರುಗಳ ಐದೈದು ಗಿಡ ನನಗೆ ಮೇಲು. ದಯವಿಟ್ಟು ಬ್ಯಾಡಗಿ ಮಾರುಕಟ್ಟೆಯ ಚೀಲದಿಂದ ಮಾತ್ರ ಮಾದರಿ ತೆಗೆಯಬೇಡಿ. ಅಲ್ಲಿಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಕಾಯಿ ಬರುತ್ತದೆ.

ಎಫ್‌ಎಸ್‌ಟಿ ಪಕ್ಕದಲ್ಲೇ ಎರಡೂ ಗುಂಪಿನ ಒಳಗಿನ ವೈವಿಧ್ಯ ಬರೆಯಿರಿ. ಪರಿಸರ ವಿಜ್ಞಾನಿ ಲೂ ಜೋಸ್ಟ್ 2008ರಲ್ಲಿ ಸೂಚಿಸಿದ 'ಡಿ' ಅಳತೆಯನ್ನೂ ಲೆಕ್ಕ ಹಾಕಿ. ಸಮಾನ ರೂಪವೇ ಇಲ್ಲದಿದ್ದಾಗ ಅದು 1 ಕೊಡುತ್ತದೆ.